ಹರಿದ ರೊಟ್ಟಿ ಎಲ್ಲಿ ಹೋಗುತ್ತಿತ್ತು

ಇಟ್ಟಿಗಿಯ ಅನ್ನದಾನಮ್ಮನಿಗೆ ಮಗಳ ಮೇಲೆ ಇದ್ದದ್ದು, ಊರಿಗೆಲ್ಲ ಗೊತ್ತಿದ್ದ ಒಂದೇ ದೂರು: ಹಸಿವು. ಹದಿನಾರರ ಅಮೃತಾ ನೋಡಲು ಜೋಳದ ದಂಟಿನಂತಿದ್ದಳು. ಆದರೆ ಅವಳು ರೊಟ್ಟಿ ಬಡಿಯಲು ಕೂತ ದಿನ ಬುಟ್ಟಿಯಲ್ಲಿ ನಾಲ್ಕೈದು ರೊಟ್ಟಿ ಕಡಿಮೆ ಬೀಳುತ್ತಿದ್ದವು. ಕೇಳಿದರೆ, "ಹಸಿವಾಗಿತ್ತವ್ವ, ತಿಂದೆ."

ಹೊಟ್ಟೆಯಲ್ಲಿ ಜಂತು ಸಾಮ್ರಾಜ್ಯ ಕಟ್ಟಿವೆ ಎಂದು ತೀರ್ಮಾನಿಸಿ ಅನ್ನದಾನಮ್ಮ ಅವಳನ್ನು ಹಡಗಲಿಗೆ ಕರೆದೊಯ್ದಳು. ಡಾಕ್ಟರು ಗುಳಿಗೆ ಕೊಟ್ಟರು. ಗುಳಿಗೆಯೂ ಹೊಟ್ಟೆಗೆ ಹೋಯಿತು, ರೊಟ್ಟಿಯೂ ಹೋಗುತ್ತಲೇ ಇತ್ತು.

"ಉಣ್ಣೋ ವಯಸ್ಸು, ಬಿಡಲೇ," ಎಂದ ಗಂಡ ಉಜ್ಜಿನಪ್ಪ.

"ಅತ್ತಿ ಮನಿಯಾಗ ಹಿಂಗ ತಿಂದ್ರ ನಿಮ್ಮ ಹೆಸರು ಕೆಡತೈತ್ರಿ."

"ನನ್ನ ಹೆಸರು ಕೆಟ್ಟು ಇಪ್ಪತ್ತೈದು ವರ್ಷಾತು. ಎಸ್ಸೆಸ್ಸೆಲ್ಸಿ ಮೂರು ಸಲ ಫೇಲಾದಾಗ."

ಆ ಮೂರು ಸೋಲುಗಳನ್ನು ಉಜ್ಜಿನಪ್ಪ ಕಟ್ಟೆಯ ಮೇಲೆ ಕೂತು ದಂಡಯಾತ್ರೆಯಂತೆ ವರ್ಣಿಸುತ್ತಿದ್ದ. ಕೇಳಿದವರು ನಕ್ಕು ಚಹಾ ಕುಡಿಸುತ್ತಿದ್ದರು. (ಗಂಡಸು ಬಿದ್ದರೆ ಕಥೆ, ಹೆಣ್ಣು ಎಡವಿದರೆ ಕಳಂಕ. ಈ ಕಾನೂನು ಬರೆದ ಮಹಾನುಭಾವ ಸಿಕ್ಕರೆ ಅವನ ಕೈಗೊಂದು ಹಿಟ್ಟಿನ ಉಂಡೆ ಕೊಟ್ಟು, ಬಡಿಯಪ್ಪ ದುಂಡಗೆ, ಅನ್ನಬೇಕು.)

ಅನ್ನದಾನಮ್ಮ ಸುತ್ತಲ ಹತ್ತೂರಿಗೆ ರೊಟ್ಟಿ ಚಕ್ರವರ್ತಿನಿ. ಮದುವೆಯಿರಲಿ, ಬಸುರಿಯ ಕುಬಸವಿರಲಿ, ಬುಟ್ಟಿ ಹೋಗುವುದು ಅವಳ ಮನೆಯಿಂದಲೇ. ಒಲೆಯ ಪಕ್ಕ ಒಂದು ಹಿತ್ತಾಳೆಯ ಮುಚ್ಚಳ ಇರುತ್ತಿತ್ತು. ಬೆಂದ ರೊಟ್ಟಿಯ ಮೇಲೆ ಅದನ್ನಿಟ್ಟು ನೋಡುವುದು. ಸರಿಹೊಂದಿದ್ದು ಬುಟ್ಟಿಗೆ, ಸೊಟ್ಟಗಿದ್ದದ್ದು, ಹರಿದದ್ದು ಎಮ್ಮೆಗೆ. "ದುಂಡಗಿಲ್ಲದ ರೊಟ್ಟಿ, ಅಂಕಿ ಲಗಾಮು ಇಲ್ಲದ ಹೆಣ್ಣು, ಎರಡೂ ಎಮ್ಮಿ ಪಾಲು," ಎನ್ನುವುದು ಅವಳ ವೇದವಾಕ್ಯ. ಅಮೃತಾ ಮೂರನೇ ಕ್ಲಾಸಿನಿಂದ ಆ ಒಲೆಯ ಮುಂದೆ ಕೂತವಳು. "ಇಷ್ಟು ವರ್ಷದಾಗ ನನ್ನ ಮಗಳದ್ದು ಒಂದು ರೊಟ್ಟೀನೂ ಎಮ್ಮಿ ಬಾಯಿಗಿ ಬಿದ್ದಿಲ್ಲ," ಎಂದು ತಾಯಿ ಕಂಡಕಂಡವರಿಗೆ ಹೇಳುತ್ತಿದ್ದಳು. ಅದು ನಿಜವೂ ಆಗಿತ್ತು.

ಅಂಥ ಮಗಳು ಪರೀಕ್ಷೆ ಎಂದರೆ ಬೆವರುತ್ತಾಳೆಂದು ತಿಳಿದದ್ದು, ಬುಧವಾರ ಪಕ್ಕೀರಮ್ಮ ಟೀಚರು ಮನೆಗೆ ಬಂದಾಗ.

"ವಸತಿ ಕಾಲೇಜಿನಾಗ ಸೈನ್ಸ್ ಓದಬೇಕಾದ ಹುಡುಗಿ ಈಕಿ. ಪ್ರವೇಶ ಪರೀಕ್ಷೆದ ಅರ್ಜಿ ಕೊಟ್ಟು ತಿಂಗಳಾತು, ತುಂಬವಲ್ಲಳು. ಶನಿವಾರ ಕಡೀ ದಿನ ನೋಡ್ರಿ. ಐದರ ಬಸ್ಸಿಗೆ ಎಲ್ಲಾರ ಅರ್ಜಿ ನಾನೇ ಹಡಗಲಿಗಿ ಒಯ್ತೀನಿ."

ಅರ್ಜಿ ಜೋಳದ ಡಬ್ಬಿಯ ಕೆಳಗೆ ಸಿಕ್ಕಿತು. ಪೂರ್ತಿ ತುಂಬಿತ್ತು, ಪೆನ್ಸಿಲಿನಲ್ಲಿ. ಅಳಿಸಿ ಬರೆದು, ಅಳಿಸಿ ಬರೆದು, ಹೆಸರಿನ ಜಾಗದಲ್ಲಿ ಕಾಗದ ತೆಳ್ಳಗಾಗಿತ್ತು.

"ಪೆನ್ನಿನಾಗ ಬರೆಯಾಕ ಏನು ಧಾಡಿ?"

"ತಪ್ಪಾದ್ರ, ಅವ್ವ?"

"ಹರದ ರೊಟ್ಟಿ ಬಡದವಳಲ್ಲ ನೀನು. ನಿನಗೆಂಥ ಅಂಜಿಕಿ?" ಎಂದಳು ಅನ್ನದಾನಮ್ಮ.

ಶನಿವಾರ ಕೊಟ್ರಬಸಮ್ಮನ ಮಗಳ ಕುಬಸಕ್ಕೆ ರೊಟ್ಟಿ ಹೋಗಬೇಕಿತ್ತು. ಬೆಳಿಗ್ಗೆ ಮಗಳನ್ನು ಒಲೆಯ ಮುಂದೆ ಬಿಟ್ಟು ಅಂಗಡಿಗೆ ಹೊರಟಿದ್ದ ಅನ್ನದಾನಮ್ಮ ಚೀಲ ಮರೆತು ಹಿಂತಿರುಗಿದಳು. ಅಡುಗೆಮನೆಯ ಬಾಗಿಲಲ್ಲಿ ಕಾಲು ನಿಂತಿತು.

ಅಮೃತಾ ಹೆಂಚಿನಿಂದ ಆಗಷ್ಟೇ ತೆಗೆದ, ನಡುವೆ ಹರಿದ ರೊಟ್ಟಿಯನ್ನು ಪಲ್ಯವಿಲ್ಲದೆ, ಚಟ್ನಿಯಿಲ್ಲದೆ, ಬಾಯಿ ಸುಡುತ್ತಿದ್ದರೂ ತುರುಕಿಕೊಳ್ಳುತ್ತಿದ್ದಳು. ಕಣ್ಣಲ್ಲಿ ನೀರು.

"ಏನಲೇ ಇದು?"

ಹುಡುಗಿ ತುತ್ತು ನುಂಗಿ ಹೇಳಿದಳು: "ಎಮ್ಮಿಗಿ ಹಾಕಿದ್ರ ನಿನಗ ಗೊತ್ತಾಗತಿತ್ತು."

"ಎಂದಿನಿಂದ?"

"ಮೂರನೇ ಕ್ಲಾಸಿನಿಂದ."

ಜಂತಿನ ಸಾಮ್ರಾಜ್ಯ ಅಲ್ಲೇ ಪತನವಾಯಿತು. ಅನ್ನದಾನಮ್ಮ ಒಲೆಯ ಪಕ್ಕ ಕೂತಳು.

"ಪರೀಕ್ಷಾದಾಗ ತಪ್ಪಿದ್ರ ತಿನ್ನಾಕ ಬರಂಗಿಲ್ಲವ್ವ," ಎಂದಳು ಅಮೃತಾ, ಮುಂದಿನ ಉಂಡೆ ಕೈಗೆತ್ತಿಕೊಳ್ಳುತ್ತಾ. "ಎಲ್ಲಾರೂ ನೋಡ್ತಾರ."

ಅನ್ನದಾನಮ್ಮ ಎದ್ದಳು. ಹಿತ್ತಾಳೆಯ ಮುಚ್ಚಳವನ್ನು ಅಟ್ಟಕ್ಕೆಸೆದಳು. (ಅದು ಅಲ್ಲಿದ್ದ ಉಪ್ಪಿನಕಾಯಿಯ ಭರಣಿಯನ್ನು ಒಡೆಯಿತು. ಕ್ರಾಂತಿಗೆ ಇಷ್ಟಾದರೂ ಬಲಿ ಬೇಡವೇ?) ಮಗಳ ಕೈಯಲ್ಲಿ ಮತ್ತೆ ಹರಿದ ರೊಟ್ಟಿಯನ್ನು ತಾನೇ ತೆಗೆದು ಬುಟ್ಟಿಯಲ್ಲಿ ಎಲ್ಲಕ್ಕೂ ಮೇಲಿಟ್ಟಳು.

"ಇದನ್ನ ಇವತ್ತು ಕೊಟ್ರಬಸಮ್ಮನ ಕೈಯಾಗ ನಾನೇ ಕೊಡ್ತೀನಿ. ನನ್ನ ಮಗಳು ಬಡದದ್ದು, ಹರದೈತಿ, ಉಣ್ಣಾಕ ಬರತೈತಿ ಅಂತೀನಿ. ನಾನು ಅಂದ್ರ ನೀನು ಪೆನ್ನು ಹಿಡೀಬೇಕು."

ಅಮೃತಾ ತಾಯಿಯ ಮುಖ ನೋಡಿದಳು. "ನೀನು ಅಂದ್ರ ಅಲ್ಲೇ ಕುಂತು ಬರೀತೀನಿ," ಎಂದು ಅರ್ಜಿಯನ್ನೂ ಪೆನ್ನನ್ನೂ ಚೀಲಕ್ಕೆ ಹಾಕಿಕೊಂಡಳು.

ದಾರಿಯುದ್ದಕ್ಕೂ ಅನ್ನದಾನಮ್ಮ ಆ ಮೂರು ಮಾತನ್ನು ಮಂತ್ರದಂತೆ ಜಪಿಸಿದಳು. ಕುಬಸದ ಮನೆಯಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ಊಟಕ್ಕೆ ಕೂರುವಾಗ ಮೂರೂವರೆ. ಕೊಟ್ರಬಸಮ್ಮ ಬುಟ್ಟಿಯ ಬಟ್ಟೆ ಸರಿಸಿದಳು.

"ಏನವ್ವ ಅನ್ನದಾನಮ್ಮ, ಮ್ಯಾಲಿಂದು ಹರದೈತಲ್ಲ? ಯಾರು ಬಡದದ್ದು?"

ಇಡೀ ಪಡಸಾಲೆ ತಿರುಗಿತು. ಅಮೃತಾಳ ಕೈ ಚೀಲದೊಳಗೆ ಪೆನ್ನಿನ ಮೇಲಿತ್ತು. ಅನ್ನದಾನಮ್ಮ ಬಾಯಿ ತೆರೆದಳು. ಮಾತು ಬರುವಷ್ಟರಲ್ಲಿ ಕೈ ಮುಂದೆ ಹೋಗಿತ್ತು. ಹತ್ತೂರಿನ ರೊಟ್ಟಿ ಚಕ್ರವರ್ತಿನಿ ಹರಿದ ರೊಟ್ಟಿಯನ್ನು ಕಸಿದು, ಮಡಚಿ, ಬಾಯಿಗೆ ತುರುಕಿಕೊಂಡಳು.

ಕೊಟ್ರಬಸಮ್ಮ ಬಿದ್ದು ಬಿದ್ದು ನಕ್ಕಳು. "ಮಗಳ ಹಸಿವಿ ಎಲ್ಲಿಂದ ಬಂತು ಅಂತ ಈಗ ಗೊತ್ತಾತು ನೋಡ್ರವ್ವ."

ಒಣ ರೊಟ್ಟಿ ಗಂಟಲಲ್ಲಿ ನಿಂತಿತು. ಯಾರೋ ಕೈಗೆ ತಂಬಿಗೆ ಕೊಟ್ಟರು. ಅಮೃತಾ.

"ಸಾವಕಾಶ ನುಂಗವ್ವ," ಎಂದಳು ಕಿವಿಯ ಬಳಿ. "ಮೊದಲ ತುತ್ತು ಸಿಕ್ಕೊಂತೈತಿ. ರೂಢಿ ಆಗತೈತಿ."

ಮನೆಗೆ ಹೊರಡುವಾಗ ಬಿಸಿಲು ಇಳಿದಿತ್ತು. ಅನ್ನದಾನಮ್ಮ ಮಗಳಿಗಿಂತ ಎರಡು ಹೆಜ್ಜೆ ಹಿಂದೆ ನಡೆದಳು. ಕಾಳು ತುಂಬುವ ಹಗೇವಿನ ತಿರುವಿನಲ್ಲಿ ಹೇಳಿದಳು: "ಮುಂದಿನ ಸಲ ಖರೇನ ಹರದದ್ದನ್ನ ಕೊಡ್ತೀನವ್ವ. ಈಗ ನೀನು ಬರದುಬಿಡು, ಟೀಚರು ಇನ್ನಾ ಇರ್ತಾರ."

ಅಮೃತಾ ರಸ್ತೆಯ ಕಡೆ ನೋಡಿದಳು. ಅಲ್ಲಿ ಧೂಳು ಇನ್ನೂ ಕೂತಿರಲಿಲ್ಲ.

"ಐದರ ಬಸ್ಸು ಹೋತವ್ವ," ಎಂದಳು.