ಎಂಟನೇ ಏಟಿಗೆ ಎತ್ಕೊಳ್ಳಿ

ಮಗಳ ಮದುವೆಯ ಮಾತುಕತೆ ಎಂದರೆ ಜಮಖಾನ ಹಾಸಿ, ಕಾಫಿ ಕೊಟ್ಟು, ಗಂಟಲು ಸರಿಮಾಡಿಕೊಂಡು ಶುರುಮಾಡುವ ಕೆಲಸ ಎಂದೇ ಪಿರಿಯಾಪಟ್ಟಣದ ಗುರುಮಲ್ಲಪ್ಪನವರು ಇಲ್ಲಿಯವರೆಗೆ ನಂಬಿಕೊಂಡಿದ್ದರು. ಅದಕ್ಕೊಂದು ಕಬ್ಬಿಣದ ಕೋಲು, ಒಂದು ಬಿಳಿ ಚೆಂಡು, ಅದು ಬೀಳುವುದಕ್ಕೊಂದು ಕುಳಿ ಬೇಕಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಅವರ ನೆತ್ತಿಗೆ ನಿಂಬೆಹಣ್ಣು ತಿಕ್ಕಿಸುತ್ತಿದ್ದರು. ಆದರೆ ಕಾಲ ಕೆಟ್ಟಿತು ನೋಡಿ, ಅವರ ಪಾಲಿಗೆ ಬಂದ ಬೀಗರೇ ಗಾಲ್ಫ್ ಆಡುವ ಬೀಗರು.

ಮಗಳು ರೂಪಶ್ರೀ ಸರಗೂರಿನಲ್ಲಿ ಟೀಚರು. ಅಲ್ಲಿಯ ದನದ ಡಾಕ್ಟರು ಸಾಗರ್. ಶಾಲೆಯ ಕಾಂಪೌಂಡಿಗೆ ನುಗ್ಗಿ ಬೇಲಿತಂತಿಗೆ ಕಾಲು ಸಿಕ್ಕಿಸಿಕೊಂಡ ಒಂದು ಎಮ್ಮೆ ಇಬ್ಬರಿಗೂ ಪರಿಚಯ ಮಾಡಿಸಿತ್ತು. (ಮದುವೆ ದಲ್ಲಾಳಿಗಳು ಎರಡು ವರ್ಷದಲ್ಲಿ ಮಾಡಲಾಗದ್ದನ್ನು ಎಮ್ಮೆ ಅರ್ಧ ಗಂಟೆಯಲ್ಲಿ ಮಾಡಿತ್ತು.) ಇಬ್ಬರೂ ಒಪ್ಪಿಯಾಗಿತ್ತು. ದೊಡ್ಡವರು ಕೂತು ಮಾತಾಡುವುದೊಂದೇ ಬಾಕಿ. ಹುಡುಗನ ತಂದೆ ಸೋಮಶೇಖರ, ಹುಣಸೂರಿನ ರಿಟೈರ್ಡ್ ಎಂಜಿನಿಯರು, ಫೋನಿನಲ್ಲಿ ಹೇಳಿದರು: “ಭಾನುವಾರ ಹಂಪಾಪುರದ ಆಚೆ ರೆಸಾರ್ಟಿಗೆ ಬನ್ನಿ. ನಾನು ವಾರವಾರ ಅಲ್ಲೇ ಗಾಲ್ಫ್ ಆಡೋದು. ಒಟ್ಟಿಗೆ ಒಂದಷ್ಟು ಆಡೋಣ, ಆಮೇಲೆ ಊಟಕ್ಕೆ ಕೂತು ಮಾತಾಡೋಣ. ಮನುಷ್ಯನ ಗುಣ ಗೊತ್ತಾಗೋದು ಆಟದಲ್ಲೇ ಕಣ್ರೀ.”

ಆ ಕೊನೆಯ ಮಾತು ಕೇಳಿದಾಗಿನಿಂದ ಗುರುಮಲ್ಲಪ್ಪನವರಿಗೆ ಅನ್ನ ಸೇರಲಿಲ್ಲ. ಗುಣವನ್ನೇನೋ ಹೇಗೋ ಮುಚ್ಚಿಡಬಹುದು, ಆಟವನ್ನು ಎಲ್ಲಿ ಮುಚ್ಚಿಡುವುದು?

ಭಾನುವಾರ ಕಾರು ಹೊರಟಿದ್ದೇ ತಡ, ಪತ್ನಿ ಸುನಂದಮ್ಮ ಉಪದೇಶಪರ್ವವನ್ನು ಆರಂಭಿಸಿದರು. “ರೀ, ಏನೇ ಆಗ್ಲಿ, ಅರ್ಧಕ್ಕೆ ಕೈ ಬುಡಬ್ಯಾಡಿ. ನಿಮ್ಮ ಬುದ್ಧಿ ನಂಗೊತ್ತು. ಮಹಡಿ ರೂಮು ಅರ್ಧಕ್ಕೆ ನಿಂತದೆ. ಯೋಗ ಮೂರು ದಿನಕ್ಕೆ ಮುಗೀತು. ಜೇನು ಸಾಕ್ತೀನಿ ಅಂದ್ರಿ, ಅದ್ನೂ ಬುಟ್ರಿ.”

“ಜೇನು ನಾನ್ ಬುಟ್ಟಿದ್ದಲ್ಲ ಕಣೇ, ಹುಳಾನೇ ಬುಟ್ಟೋದ್ವು.”

“ನಿಮ್ಜೊತೆ ಇದ್ದು ಇದ್ದು ಅವಕ್ಕೂ ಅದೇ ಚಾಳಿ ಬಂತು.”

ಹಿಂದಿನ ಸೀಟಿನಿಂದ ರೂಪಶ್ರೀ ಮೆಲ್ಲಗೆ, “ಅಪ್ಪ, ನಿನ್ನ ಕಾಲಿಗೆ ಬೀಳ್ತೀನಿ, ಏನೂ ಎಡವಟ್ಟು ಮಾಡ್ಬೇಡ. ಅವ್ರ ಅಪ್ಪ ಒಪ್ಪಲಿಲ್ಲ ಅಂದ್ರೆ ಸಾಗರ್ ಕೂಡ ಏನೂ ಮಾಡೋಕಾಗಲ್ಲ” ಎಂದಳು.  ಗುರುಮಲ್ಲಪ್ಪನವರು, ಪ್ರಾಣ ಹೋದರೂ ಆ ಮನುಷ್ಯನ ಮನಸ್ಸು ನೋಯಿಸುವುದಿಲ್ಲ ಎಂದು ಸ್ಟೇರಿಂಗ್ ಹಿಡಿದುಕೊಂಡೇ ಆಣೆ ಮಾಡಿಕೊಂಡರು.

ರೆಸಾರ್ಟಿನಲ್ಲಿ ಸೋಮಶೇಖರ ಬಿಳಿ ಟೋಪಿ ಹಾಕಿ, ಒಂದೇ ಕೈಗೆ ಗವಸು ತೊಟ್ಟು ನಿಂತಿದ್ದರು. (ಇನ್ನೊಂದು ಎಲ್ಲೋ ಬಿದ್ದಿರಬೇಕೆಂದು ಗುರುಮಲ್ಲಪ್ಪನವರು ಪಾಪ, ಹುಲ್ಲಿನಲ್ಲಿ ಹುಡುಕಿದರು.) ಎರಡೂ ಕಡೆಯ ಹೆಂಗಸರೂ, ಸಾಗರ್ ರೂಪಶ್ರೀಯರೂ ಮೈದಾನದ ಪಕ್ಕದ ಜಗಲಿಯಲ್ಲಿ ಕೂತರು. ಸೋಮಶೇಖರ ಕೋಲು ಹಿಡಿಯುವುದನ್ನು ಹೇಳಿಕೊಟ್ಟು, ಕೊನೆಯಲ್ಲಿ, “ಇಲ್ಲೊಂದು ಪದ್ಧತಿ ಇದೆ ಸಾರ್. ಎಂಟು ಏಟಾದ್ರೂ ಚೆಂಡು ಕುಳಿಗೆ ಬೀಳಲಿಲ್ಲ ಅಂದ್ರೆ ಎತ್ಕೊಂಡು ಮುಂದಿನ ಕುಳಿಗೆ ಹೋಗ್ತಾ ಇರೋದು. ಹಿಂದೆ ಆಡ್ತಾ ಬರೋರು ಕಾಯ್ತಿರ್ತಾರೆ ನೋಡಿ” ಎಂದರು.

ಮೊದಲನೇ ಕುಳಿ ಹೇಗೋ ದಾಟಿತು. ಎರಡನೆಯದರ ಹತ್ತಿರ ಗುರುಮಲ್ಲಪ್ಪನವರ ಚೆಂಡು ಮರಳಿನ ಹೊಂಡಕ್ಕೆ ಇಳಿಯಿತು. ಇಳಿದದ್ದು ತೌರುಮನೆ ಸೇರಿದ ಹಾಗೆ ಅಲ್ಲೇ ನೆಲೆಯೂರಿತು. ಹೊಡೆದರೆ ಮರಳು ಹಾರುತ್ತಿತ್ತು, ಚೆಂಡು ಮಿಸುಕುತ್ತಿರಲಿಲ್ಲ.

“ಎಂಟಾಯ್ತು ಸಾರ್. ಎತ್ಕೊಳ್ಳಿ, ಪರವಾಗಿಲ್ಲ” ಎಂದರು ಸೋಮಶೇಖರ.

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ಕಡೆ ಯಾವ ಮಾತಿಗೂ ಮೂರು ಸುತ್ತು ಉಂಟು. ನೆಂಟರು “ಕುರ್ಚಿ ಬ್ಯಾಡ, ಇಲ್ಲೇ ಕೂರ್ತೀವಿ” ಅಂದರೆ ಕುರ್ಚಿ ತರಬೇಕು. “ಹೊರಡ್ತೀವಿ” ಅಂದರೆ ಚಪ್ಪಲಿ ಬಚ್ಚಿಡಬೇಕು. ಮೊದಲನೇ ಮಾತಿಗೇ “ಆಯ್ತು” ಅಂದುಬಿಡುವವನನ್ನು ಮನುಷ್ಯರ ಸಾಲಿನಲ್ಲಿ ಯಾರೂ ಸೇರಿಸುವುದಿಲ್ಲ. ಆದ್ದರಿಂದ ಬೀಗರ ಬಾಯಿಂದ “ಎತ್ಕೊಳ್ಳಿ” ಎಂದು ಬಂದಾಗ ಗುರುಮಲ್ಲಪ್ಪನವರಿಗೆ ಅದು ಅಪ್ಪಟ ಉಪಚಾರದ ಮಾತಾಗಿಯೇ ಕೇಳಿಸಿತು. ಇದೇ ಪರೀಕ್ಷೆ, ಇಲ್ಲೇ ಗುಣ ನೋಡುತ್ತಿದ್ದಾರೆ ಎಂದುಕೊಂಡರು.

“ಛೆ ಛೆ! ಎಲ್ಲಾದ್ರೂ ಉಂಟಾ ಸಾ? ನೀವು ಕರೆದು ಆಡಿಸ್ತಿರೋ ಆಟಾನ ಅರ್ಧಕ್ಕೆ ಬುಡೋದಾ?” ಎಂದು ಮತ್ತೊಂದು ಬೀಸಿದರು.

“ನಿಜವಾಗ್ಲೂ ಬಿಡಿ ಸಾರ್. ನಾನೇನೂ ತಿಳ್ಕೊಳ್ಳಲ್ಲ.”

ಏನೂ ತಿಳ್ಕೊಳ್ಳಲ್ಲ ಎಂದವರು ಜನ್ಮವಿಡೀ ತಿಳಿದುಕೊಂಡೇ ಇರುತ್ತಾರೆ ಎಂಬುದು ಗುರುಮಲ್ಲಪ್ಪನವರ ಅನುಭವ. ಹೆದರಿ ಇನ್ನೂ ಜೋರಾಗಿ ಬೀಸಿದರು. ಅರ್ಧ ಮರಳು ಸೋಮಶೇಖರರ ಟೋಪಿಯ ಮೇಲೆ ಬಿತ್ತು, ಉಳಿದದ್ದು ಬಾಯಿಗೆ. ಅವರು ಥೂ ಥೂ ಎನ್ನುತ್ತ, “ಎತ್ಕೊಳ್ರೀ ಅಂದ್ರೆ!” ಎಂದರು. ಆಹಾ, ಎಷ್ಟು ಒತ್ತಾಯ ಮಾಡುತ್ತಾರೆ, ಎಂಥಾ ದೊಡ್ಡ ಮನುಷ್ಯರು ಎಂದು ಗುರುಮಲ್ಲಪ್ಪನವರ ಕಣ್ಣು ತುಂಬಿಬಂತು. ಹಿಂದೆ ನಾಲ್ಕು ಜನ ಆಟಗಾರರು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. ಅವರಲ್ಲೊಬ್ಬ ಮನೆಗೆ ಫೋನು ಮಾಡಿ ಊಟಕ್ಕೆ ಕಾಯಬೇಡಿ ಎಂದ.

ಅಷ್ಟರಲ್ಲಿ ಗುರುಮಲ್ಲಪ್ಪನವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಜಗಲಿಯಿಂದ ಸುನಂದಮ್ಮ.

“ಬುಡ್ರೀ ಆ ಚೆಂಡ! ಆ ವಯ್ಯನ ಮುಖ ಹುಣಿಸೆಹಣ್ಣಾಗದೆ, ಕಾಣಾಕಿಲ್ವಾ?”

“ಬೆಳಿಗ್ಗೆ ನೀನೇ ಅಲ್ವಾ ಅರ್ಧಕ್ಕೆ ಬುಡಬ್ಯಾಡಿ ಅಂದಿದ್ದು?”

“ಅಯ್ಯೋ ನನ್ನ ಕರ್ಮ! ಇದು ಸಾಹೇಬ್ರ ಆಟ. ಇಲ್ಲಿ ಬುಡಿ ಅಂದ್ರೆ ಬುಡಿ ಅಂತ್ಲೇ. ಅವ್ರ ಹೆಂಡ್ರು ಇಲ್ಲಿ ಬುಡಿಸಿ ಬುಡಿಸಿ ಹೇಳ್ತಾವ್ರೆ. ಇನ್ಮ್ಯಾಲೆ ಅವ್ರು ಏನಂದ್ರೂ ಮೊದಲ್ನೇ ಮಾತಿಗೇ ಆಯ್ತು ಅನ್ನಿ. ಎದುರು ಮಾತಾಡಬ್ಯಾಡಿ!”

ಗುರುಮಲ್ಲಪ್ಪನವರಿಗೆ ಜ್ಞಾನೋದಯವಾಯಿತು. ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡರು. ಅಲ್ಲಿಂದಾಚೆಗೆ ಅವರಷ್ಟು ವಿಧೇಯ ಆಟಗಾರ ಆ ತಾಲ್ಲೂಕಿನಲ್ಲೇ ಇರಲಿಲ್ಲ. ಪಕ್ಕಕ್ಕೆ ನಿಲ್ಲಿ ಎಂದರೆ ಆಯ್ತು ಸಾ. ಈ ಕುಳಿ ಬಿಟ್ಟುಬಿಡೋಣ ಎಂದರೆ ಆಯ್ತು ಸಾ. ಸೋಮಶೇಖರರ ಮುಖ ಅರಳಿತು. ಒಮ್ಮೆ ಭುಜವನ್ನೂ ತಟ್ಟಿದರು. ಗೆದ್ದೆ ಎಂದುಕೊಂಡರು ಗುರುಮಲ್ಲಪ್ಪನವರು.

ಊಟಕ್ಕೆ ಎಲ್ಲರೂ ಒಂದೇ ಮೇಜಿಗೆ ಕೂತರು. ಸೋಮಶೇಖರ, ಅವರ ಹೆಂಡತಿ ಚಂದ್ರಿಕಾ, ಎದುರಿಗೆ ಸಾಗರ್, ರೂಪಶ್ರೀ. ಕೋಸಂಬರಿ ಬಡಿಸಿದ ಮೇಲೆ ಸೋಮಶೇಖರ ಕೈ ಒರೆಸಿಕೊಂಡರು. ಮೈದಾನದಲ್ಲಿ ಎಷ್ಟೇ ಸಾಹೇಬರಾದರೂ ಊಟಕ್ಕೆ ಕೂತ ಮೇಲೆ ಅವರೂ ಹುಣಸೂರಿನವರೇ. ಸಂಬಂಧದ ಮಾತನ್ನು ತಮ್ಮ ಕಡೆಯನ್ನು ಇಳಿಸಿಕೊಂಡೇ ಎತ್ತಬೇಕೆಂಬುದು ಅವರಿಗೂ ಗೊತ್ತಿತ್ತು.

“ನೋಡಿ ಗುರುಮಲ್ಲಪ್ಪನವ್ರೇ, ನಮ್ಮ ಹುಡುಗ ದನದ ಡಾಕ್ಟ್ರು. ಹೊತ್ತಿಲ್ಲ ಗೊತ್ತಿಲ್ಲ, ಮೈಯೆಲ್ಲ ಸಗಣಿ. ಚಿನ್ನದಂಥ ನಿಮ್ಮ ಮಗಳಿಗೆ ಅವನು ತಕ್ಕೋನಲ್ಲ. ನಿಮಗೆ ಮನಸ್ಸಿಲ್ಲ ಅಂದ್ರೆ ಬಿಡಿ, ನಾವೇನೂ ತಿಳ್ಕೊಳ್ಳಲ್ಲ.”

ಎಲ್ಲರೂ ಗುರುಮಲ್ಲಪ್ಪನವರ ಮುಖ ನೋಡಿದರು. “ಎಲ್ಲಾದ್ರೂ ಉಂಟಾ!” ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅದೇ ಮಾತು ಆಡಿ ಆಡಿ ತಾನೆ ಬೀಗರಿಗೆ ಮರಳು ತಿನ್ನಿಸಿದ್ದು! ಮತ್ತೆ ಅದೇ ತಪ್ಪು ಮಾಡುವಷ್ಟು ದಡ್ಡನೇ ತಾನು? ಗುರುಮಲ್ಲಪ್ಪನವರು ಬೆನ್ನು ನೆಟ್ಟಗೆ ಮಾಡಿಕೊಂಡರು.

“ಆಯ್ತು ಸಾ, ಬುಟ್ಟೆ.”

ಸಾಗರನ ಕೈಯಿಂದ ಲೋಟ ಜಾರಿತು. ರೂಪಶ್ರೀ ಎಲೆಯ ಮೇಲೆ ಬಗ್ಗಿದಳು, ಕೋಸಂಬರಿಯ ಮೇಲೆ ಟಪಟಪ ಕಣ್ಣೀರು ಬಿತ್ತು. ಶಹಭಾಸ್ ಎನ್ನುತ್ತಾಳೆಂದು ಗುರುಮಲ್ಲಪ್ಪನವರು ಹೆಂಡತಿಯ ಕಡೆ ನೋಡಿದರು. ಅದು ಶಹಭಾಸ್ ಎನ್ನುವ ಮುಖವಾಗಿರಲಿಲ್ಲ.

“ಆ ಮರಳಲ್ಲಿ ಅಷ್ಟು ಹೊತ್ತು ಬಡಿದ್ರೂ ಒಂದು ಚೆಂಡು ಬಿಡಲಿಲ್ಲ ನೀವು” ಎಂದರು ಸೋಮಶೇಖರ. ದನಿಯಲ್ಲಿ ತಮಾಷೆ ಇರಲಿಲ್ಲ. “ಮಗಳ ಸಂಬಂಧಾನ ಒಂದೇ ಮಾತಿಗೆ ಬಿಟ್ರಾ?”

 “ಅಲ್ಲ ಸಾ… ಅದು ಫೋನಲ್ಲಿ… ಇವಳೇ…” ಎಂದು ಗುರುಮಲ್ಲಪ್ಪನವರು ತೊದಲಿದರು. ಮಗಳ ಬಾಳಿಗೆ ತಾನೇ ಮಣ್ಣು ಹಾಕಿದೆನಲ್ಲ ಎಂದುಕೊಂಡರು.

ಸುನಂದಮ್ಮ ಗಂಡನ ಮೊಣಕೈ ಹಿಂಡಿ ಸುಮ್ಮನಿರಿಸಿದರು. “ತಕ್ಕೋನಲ್ಲ ಅಂತ ನೀವು ಅನ್ನಬಾರ್ದು ಅಣ್ಣಾವ್ರೇ. ಮೂಕಪ್ರಾಣಿ ಉಳಿಸೋ ಕೈ ಅದು.”

“ನಿಮ್ಮ ಯಜಮಾನ್ರಿಗೆ ಮನಸ್ಸಿದ್ದ ಹಾಗೆ ಕಾಣಲಿಲ್ಲಮ್ಮ.”

“ಮನಸ್ಸದೆ, ಬುದ್ಧಿ ಇಲ್ಲ. ನಿಮ್ಮನ್ನ ಬೇಜಾರು ಮಾಡಬಾರ್ದು ಅಂತ ವಾರದಿಂದ ನೆಟ್ಟಗೆ ಉಂಡಿಲ್ಲ. ಏನಂದ್ರೂ ಆಯ್ತು ಅನ್ನಿ ಅಂತ ಹೇಳ್ಕೊಟ್ಟೋಳು ನಾನೇ. ಬೈಯೋದಾದ್ರೆ ನನ್ನ ಬೈರಿ.”

ಸೋಮಶೇಖರ ಸ್ವಲ್ಪ ಸಡಿಲಾದರು. “ನಮ್ಮನೇಲಿ ಅನುಕೂಲವೂ ಅಷ್ಟಕ್ಕಷ್ಟೇ…”

“ನನ್ನ ಮಗಳಿಗೆ ಅರಮನೆ ಬ್ಯಾಡ, ನಿಮ್ಮನೆ ಸಾಕು.”

ಚಂದ್ರಿಕಾ ನಕ್ಕು, ರೂಪಶ್ರೀಯ ಕೆನ್ನೆ ಒರೆಸಿ, ಎಲೆಗೆ ಹೋಳಿಗೆ ಬಡಿಸಿದರು. ಅಲ್ಲಿಗೆ ಸಂಬಂಧ ಕುದುರಿತು. ಮೂರೇ ಏಟು! ಗುರುಮಲ್ಲಪ್ಪನವರು ಹೆಂಡತಿಯನ್ನು ಬಾಯಿಬಿಟ್ಟುಕೊಂಡು ನೋಡಿದರು.

ಕೈ ತೊಳೆದ ಮೇಲೆ ಸೋಮಶೇಖರ ಅವರ ಕಡೆ ತಿರುಗಿದರು. “ಮುಂದಿನ ವಾರ ನಮ್ಮನೆಗೆ ಬನ್ನಿ, ದಿನ ಗೊತ್ತು ಮಾಡೋಣ. ನಿಮಗೆ ತೊಂದರೆ ಅಂದ್ರೆ ಬರದೇ ಇದ್ರೂ ನಡೆಯುತ್ತೆ ಸಾರ್, ನಾವೇನೂ ತಿಳ್ಕೊಳ್ಳಲ್ಲ.”

 ಇದು ಉಪಚಾರವೋ, ನಿಜವೋ? ಆಯ್ತು ಎಂದರೂ ಕಷ್ಟ, ಛೆ ಛೆ ಎಂದರೂ ಕಷ್ಟ. ಗುರುಮಲ್ಲಪ್ಪನವರು ದಿಕ್ಕು ತೋಚದೆ ಹೆಂಡತಿಯ ಮುಖ ನೋಡಿದರು.

“ಬತ್ತೀವಿ ಅಣ್ಣಾವ್ರೇ” ಎಂದರು ಸುನಂದಮ್ಮ ಸೆರಗು ಸರಿಮಾಡಿಕೊಳ್ಳುತ್ತ. “ಮಾತಾಡೋಕೆ ನಾನು ಬತ್ತೀನಿ, ಕೂತ್ಕೊಳ್ಳೋಕೆ ಇವ್ರು ಬತ್ತಾರೆ. ಏನ್ರೀ, ಸರಿ ತಾನೆ?”

ಗುರುಮಲ್ಲಪ್ಪನವರು ತಲೆಯನ್ನು ಮಾತ್ರ ಆಡಿಸಿದರು, ಅದೂ ಹೌದೆಂದೋ ಅಲ್ಲವೆಂದೋ ಯಾರಿಗೂ ಗೊತ್ತಾಗದ ಹಾಗೆ.