ಕೆಲಸವಿಲ್ಲದ ಆ ಒಂದು ದಿನ

ಅಡುಗೆಮನೆಯ ಮೇಲಿನ ಹಲಗೆಯಿಂದ ಇಪ್ಪತ್ತೊಂದು ಡಬ್ಬಗಳನ್ನು ಕೆಳಗಿಳಿಸಿ ಇಪ್ಪತ್ತೆರಡನೆಯದಕ್ಕೆ ಕೈ ಚಾಚಿದ್ದಾಗ ಫೋನು ಹೊಡೆದುಕೊಂಡಿತು. ಗಣಿತದ ಟೀಚರ್ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಒದ್ದೆ ಬಟ್ಟೆ, ಮೂಗಿನ ಮೇಲೆ ಒಂದು ವರ್ಷದ ದೂಳು. ಈ ಹಲಗೆ ಒರೆಸಲು ಅವಳಿಗೆ ಸಿಗುವುದು ವರ್ಷಕ್ಕೆ ಇದೊಂದೇ ದಿನ. ಯಾಕೆಂದರೆ ವರ್ಷದಲ್ಲಿ ಇದೊಂದು ದಿನ ಅವಳಿಗೆ ಕೆಲಸ ಇರುವುದಿಲ್ಲ.

ರಜೆ ಅಲ್ಲ, ಕೆಲಸವೇ ಇರುವುದಿಲ್ಲ. ಹದಿಮೂರು ವರ್ಷಗಳಿಂದ ಅವಳು ತಾತ್ಕಾಲಿಕ ಟೀಚರ್. ವರ್ಷಕ್ಕೊಮ್ಮೆ ಅವಳನ್ನು ಕೆಲಸದಿಂದ ತೆಗೆಯುತ್ತಾರೆ, ಮಾರನೆಯ ಬೆಳಿಗ್ಗೆ ಹೊಸ ಆದೇಶ ಕೊಟ್ಟು ಹೊಸದಾಗಿ ಸೇರಿಸಿಕೊಳ್ಳುತ್ತಾರೆ. ಸತತವಾಗಿ ದುಡಿದವರು ಕಾಯಂ ಮಾಡಿ ಎಂದು ಕೇಳಬಹುದಂತೆ. ನಡುವೆ ಒಂದು ದಿನ ಕತ್ತರಿಸಿಬಿಟ್ಟರೆ ಕೇಳುವ ನಾಲಗೆಯನ್ನೂ ಕತ್ತರಿಸಿದ ಹಾಗೆ. ಹೀಗಾಗಿ ಅವಳು ಹದಿಮೂರು ಸಲ ಹೊಸ ಟೀಚರ್ ಆಗಿದ್ದಾಳೆ. ತಲೆಯ ಅರ್ಧ ಕೂದಲು ಬೆಳ್ಳಗಾಗಿದ್ದರೂ ಅರ್ಜಿಯಲ್ಲಿ ಅನುಭವ ಎಂಬ ಜಾಗದಲ್ಲಿ ಪ್ರತಿಸಲ ಬರೆಯುವುದು 'ಒಂದು ವರ್ಷ' ಎಂದೇ.

ಆ ಒಂದು ದಿನ ಮಾತ್ರ ಅವಳು ಶಾಲೆಯಲ್ಲಿ ಪಾಠ ಮಾಡುತ್ತಾ ಸಿಕ್ಕಿಬೀಳಬಾರದು. ಬಿದ್ದರೆ ಮಾರನೆಯ ದಿನದ ಆದೇಶ ಬರುವುದಿಲ್ಲ, ಹೆಸರೇ ಪಟ್ಟಿಯಿಂದ ಹೋಗುತ್ತದೆ. ಹೋದ ವರ್ಷ ಪಕ್ಕದ ಶಾಲೆಯ ಸಂಗೀತದ ಮೇಡಂ ಮರೆತ ಛತ್ರಿ ತರಲು ಹೋಗಿ, ಮಕ್ಕಳು ಕೇಳಿದರೆಂದು ಒಂದೇ ಒಂದು ಹಾಡು ಹೇಳಿಕೊಟ್ಟಿದ್ದರು. ಈಗ ಅವರು ಮನೆಯಲ್ಲೇ ಹಾಡಿಕೊಳ್ಳುತ್ತಿದ್ದಾರೆ.

ಫೋನಿನಲ್ಲಿ ಹೆಡ್ ಮೇಡಂ. ದನಿ ಓಡಿ ಬಂದವರ ಹಾಗಿತ್ತು.

"ಬೀರು ಕೀ ನಿಮ್ಮ ಹತ್ರ ಇದೆಯಾ?"

ಟೀಚರ್ ಬಾಗಿಲ ಹಿಂದೆ ತೂಗುಹಾಕಿದ್ದ ತನ್ನ ಚೀಲ ನೋಡಿದಳು. ನೋಡಬೇಕಾಗಿಯೇ ಇರಲಿಲ್ಲ. ನಿನ್ನೆ ಇನ್ನೂರ ನಲವತ್ತು ನೋಟ್‌ಬುಕ್ಕುಗಳನ್ನು ತಿದ್ದಿ ಮುಗಿಸಿ, ಬೀರುವಿಗೆ ಬೀಗ ಹಾಕಿ, ಕೀಯನ್ನು ಹೆಡ್ ಮೇಡಂ ಮೇಜಿನ ಮೇಲೆ ಇಡುವ ಬದಲು ಅಭ್ಯಾಸಬಲದಿಂದ ಚೀಲಕ್ಕೆ ಹಾಕಿಕೊಂಡಿದ್ದಳು. ಮೇಲಿನಿಂದ ತಪಾಸಣೆಯ ಅಧಿಕಾರಿ ಹನ್ನೊಂದಕ್ಕೆ ಬರುತ್ತಾರಂತೆ, ಅಂಕಪಟ್ಟಿಗಳೆಲ್ಲ ಆ ಬೀರುವಿನಲ್ಲೇ ಇವೆಯಂತೆ.

"ಗೇಟಿನ ಹತ್ರ ಕೊಟ್ಟು ಹೊರಟುಬಿಡಿ. ಒಳಗೆ ಕಾಲಿಡಬೇಡಿ. ನನ್ನ ಕಣ್ಣಿಗೂ ಬೀಳಬೇಡಿ," ಎಂದರು ಹೆಡ್ ಮೇಡಂ.

ಇಪ್ಪತ್ತೊಂದು ಡಬ್ಬಗಳ ನಡುವೆ ಕೂತು ಚಹಾ ಕುಡಿಯುತ್ತಿದ್ದ ಅತ್ತೆ, ಕೆಲಸದಿಂದ ತೆಗೆದ ಮೇಲೂ ಕರೀತಾರಲ್ಲ, ನಿನ್ನ ಮೇಲೆ ಎಷ್ಟು ಮರ್ಯಾದೆ ನೋಡು ಎಂದರು. ಅವರಿಗೆ ಸೊಸೆಯ ಕೆಲಸದ ಬಗ್ಗೆ ಹೆಮ್ಮೆಯಿತ್ತು. ಮಗನ ಸಂಬಳ ಮನೆ ಬಾಡಿಗೆಗೆ, ಸೊಸೆಯದು ಉಳಿದದ್ದಕ್ಕೆ ಎಂಬುದು ಆ ಮನೆಯ ಲೆಕ್ಕ. ಉಳಿದದ್ದೇ ಜಾಸ್ತಿ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಬೀದಿಗಿಳಿಯುತ್ತಲೇ ಎದುರು ಮನೆಯ ನಿವೃತ್ತ ಬ್ಯಾಂಕಿನವರು ಪೇಪರಿನ ಮೇಲಿಂದ ಇಣುಕಿದರು. ಅವರ ಪ್ರಕಾರ ದೇಶ ಹಿಂದುಳಿಯಲು ಕಾರಣ ಟೀಚರುಗಳ ರಜೆ.

"ಏನಮ್ಮ, ಇವತ್ತೂ ರಜಾನಾ? ಹುಟ್ಟಿದರೆ ಟೀಚರಾಗಿ ಹುಟ್ಟಬೇಕು."

ಇವತ್ತಿನ ಸಂಬಳ ಇಲ್ಲ ಸಾರ್, ಉಳಿದ ದಿನಗಳದ್ದೂ ಕಾಯಂ ಮೇಷ್ಟ್ರ ಸಂಬಳದ ಮೂರನೇ ಒಂದು ಭಾಗ ಎಂದು ಹೇಳಬೇಕೆನ್ನಿಸಿತು. ಹೇಳಿದರೆ, ಹಾಗಾದರೆ ಯಾಕಮ್ಮ ಹೋಗ್ತೀಯಾ ಎನ್ನುತ್ತಾರೆ. ಅದಕ್ಕೆ ಉತ್ತರ ಉದ್ದ. ಅವಳು ನಕ್ಕು ಹೆಜ್ಜೆ ಹಾಕಿದಳು.

ಗೇಟಿನಲ್ಲಿ ಕಾವಲುಗಾರ ಕೀಯನ್ನು ಮುಟ್ಟಲೂ ಒಪ್ಪಲಿಲ್ಲ. ಅಧಿಕಾರಿ ಬರುವ ಹೊತ್ತಿಗೆ ತಾನು ಗೇಟಿನಲ್ಲೇ ಇರಬೇಕು, ಜಾಗ ಬಿಟ್ಟು ಹೋದರೆ ತನ್ನ ತಲೆದಂಡ ಎಂದ. ಆಮೇಲೆ ಬಹಳ ಸಂಕೋಚದಿಂದ ದೊಡ್ಡ ಪುಸ್ತಕವೊಂದನ್ನು ಮುಂದೆ ತಳ್ಳಿದ.

"ಬೇಜಾರು ಮಾಡ್ಕೋಬೇಡಿ ಮೇಡಂ. ಇವತ್ತು ನೀವು ಹೊರಗಿನವರು. ಹೊರಗಿನವರು ಇದರಲ್ಲಿ ಬರೀಬೇಕು."

ಬಂದ ಕಾರಣ ಎಂಬಲ್ಲಿ ಅವಳು 'ಕೀ ಕೊಡಲು' ಎಂದು ಬರೆಯಹೊರಟಳು. ಅದು ನಡೆಯುವುದಿಲ್ಲ, ಸಾಮಾನು ತಂದವರು, ಪೋಷಕರು, ಇವೆರಡೇ ಕಾರಣ ಇರುವುದು ಎಂದ ಕಾವಲುಗಾರ. ಅವಳ ಮಗಳು ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುವುದು ಅವನಿಗೂ ಗೊತ್ತಿತ್ತು. ಅವಳು 'ಪೋಷಕರು' ಎಂದು ಬರೆದು ಸಹಿ ಹಾಕಿದಳು. ಸುಳ್ಳೇನಲ್ಲವಲ್ಲ.

ಹೆಡ್ ಮೇಡಂ ಕೋಣೆಯಲ್ಲಿ ಕೀ ಕೊಟ್ಟು ಓಡಿಹೋಗುವುದೆಂದು ಅಂದುಕೊಂಡಿದ್ದಳು. ಆದರೆ ಆ ಬೀರುವಿನ ಬಾಗಿಲು ಕೀಗೆ ಮಾತ್ರ ಬಗ್ಗುವ ಜಾತಿಯದಲ್ಲ. ಹಿಡಿಯನ್ನು ಮೇಲೆತ್ತಿ, ಎಡ ಭುಜದಿಂದ ಒತ್ತಿ, ಕೆಳಗಡೆ ಮೊಣಕಾಲಿನಿಂದ ಒಂದು ಗುದ್ದು ಕೊಡಬೇಕು, ಅದೂ ಒಂದೇ ಗಳಿಗೆಯಲ್ಲಿ. ಹದಿಮೂರು ವರ್ಷದ ಸಂಸಾರದಲ್ಲಿ ಕಲಿತ ವಿದ್ಯೆ ಅದು. ಹೆಡ್ ಮೇಡಂ ಗುದ್ದಿ ಗುದ್ದಿ ಕಾಲು ನೋಯಿಸಿಕೊಂಡ ಮೇಲೆ ಅವಳೇ ತೆರೆದು ಕೊಟ್ಟಳು.

ಹೊರಬರುವ ದಾರಿಯಲ್ಲಿ ಒಂಬತ್ತನೇ ತರಗತಿ. ಒಳಗೆ ಸಂತೆ ನೆರೆದಿತ್ತು. ಬಾಗಿಲಲ್ಲಿ ಚರಿತ್ರೆ ಮೇಷ್ಟ್ರು ಒಂದು ಕಟ್ಟು ಹಾಳೆ ಹಿಡಿದು ನಿಂತಿದ್ದರು. ಅವರು ಕಾಯಂ. ಅವರನ್ನು ಆ ಶಾಲೆಯಿಂದ ಅಲ್ಲಾಡಿಸಬೇಕಾದರೆ ಭೂಕಂಪವೇ ಆಗಬೇಕು. ಆದರೂ ಪಾಪ, ಪಾಠ ಮಾಡಿ ಅವರಿಗೆ ಎರಡು ತಿಂಗಳಾಗಿತ್ತು. ಶಾಲೆಯಲ್ಲಿ ಬಾಗಿಲೆಷ್ಟು, ಕಿಟಕಿಯೆಷ್ಟು, ನಲ್ಲಿಯೆಷ್ಟು, ಅದರಲ್ಲಿ ಸೋರುವುದೆಷ್ಟು ಎಂದು ಮೇಲಿನವರು ವಾರಕ್ಕೊಂದು ಪಟ್ಟಿ ಕೇಳುತ್ತಿದ್ದರು. ಇತಿಹಾಸವೆಲ್ಲ ಮರೆತು ಅವರು ನಲ್ಲಿಗಳನ್ನು ಎಣಿಸುತ್ತಿದ್ದರು.

"ಐದೇ ನಿಮಿಷ ನಿಂತ್ಕೊಳ್ಳಿ ಮೇಡಂ. ಪಾಠ ಮಾಡಬೇಡಿ. ನಿಲ್ಲೋದಕ್ಕೆ ಯಾವ ನಿಯಮ ಅಡ್ಡ ಬರುತ್ತೆ?" ಎಂದು ಅವರು ಉತ್ತರಕ್ಕೂ ಕಾಯದೆ ನಲ್ಲಿಗಳ ಕಡೆ ನಡೆದರು.

ಅವಳು ಒಳಗೆ ಹೋಗಿ ನಿಂತಳು. ಕೈಗಳನ್ನು ಹಿಂದೆ ಕಟ್ಟಿಕೊಂಡಳು. ನಿಂತಿದ್ದರೆ ಎಲ್ಲವೂ ಸರಿಹೋಗುತ್ತಿತ್ತೋ ಏನೋ. ಆದರೆ ಕರಿಹಲಗೆಯ ಮೇಲೆ ಮೇಷ್ಟ್ರು ಮಕ್ಕಳನ್ನು ಸುಮ್ಮನಿರಿಸಲು ಬರೆದಿಟ್ಟಿದ್ದ ಸಮೀಕರಣ ಇತ್ತು. ಎರಡನೆಯ ಸಾಲಿನಲ್ಲಿ ಕಳೆಯುವ ಚಿಹ್ನೆ ಇರಬೇಕಾದ ಕಡೆ ಕೂಡುವ ಚಿಹ್ನೆ. ಗಣಿತದವರಿಗೆ ತಪ್ಪು ಚಿಹ್ನೆಯೆಂದರೆ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ, ತೆಗೆಯುವ ತನಕ ಲೋಕದಲ್ಲಿ ಬೇರೇನೂ ಕಾಣಿಸುವುದಿಲ್ಲ. ಸೀಮೆಸುಣ್ಣ ತೆಗೆದುಕೊಂಡಳು, ಚಿಹ್ನೆ ತಿದ್ದಲು ಮಾತ್ರ. ಮುಂದಿನ ಬೆಂಚಿನ ಹುಡುಗಿ ಯಾಕೆ ಮಿಸ್ ಎಂದಳು. ಯಾಕೆ ಎಂದು ಕೇಳಿದ ಮಗುವಿಗೆ ಬೆನ್ನು ತೋರಿಸಿ ಹೋಗುವುದನ್ನು ಅವಳು ಯಾವ ವರ್ಷವೂ ಕಲಿತಿರಲಿಲ್ಲ.

ಹಲಗೆ ತುಂಬುವ ಹೊತ್ತಿಗೆ ತರಗತಿ ಸದ್ದಿಲ್ಲದಾಗಿತ್ತು. ಅವಳು ತಿರುಗಿ ನೋಡಿದರೆ ಬಾಗಿಲಲ್ಲಿ ಕನ್ನಡಕದ ಅಧಿಕಾರಿ. ಅವರ ಹಿಂದೆ, ಸೀಮೆಸುಣ್ಣದಷ್ಟೇ ಬೆಳ್ಳಗಾಗಿದ್ದ ಹೆಡ್ ಮೇಡಂ.

"ಇವರು ಗಣಿತದವರಾ?" ಎಂದರು ಅಧಿಕಾರಿ.

"ಅಲ್ಲ ಸಾರ್. ಪೋಷಕರು," ಎಂದರು ಹೆಡ್ ಮೇಡಂ.

ಅಧಿಕಾರಿ ಅವಳ ಕೈಯ ಸೀಮೆಸುಣ್ಣವನ್ನು ನೋಡಿದರು, ಹಲಗೆಯನ್ನು ನೋಡಿದರು. ನಿಮ್ಮ ಮಗು ಯಾವುದು ಎಂದು ಕೇಳಿದರು. ಮೂರನೆಯ ಬೆಂಚಿನಿಂದ ಮಗಳು ಎದ್ದು ನಿಂತಳು. ಮನೆಯ ಹೊಸ್ತಿಲು ದಾಟಿದರೆ ನಾನು ನಿನಗೆ ಮಿಸ್ ಎಂದು ಟೀಚರ್ ಅವಳಿಗೆ ಮೊದಲ ದಿನವೇ ಹೇಳಿಕೊಟ್ಟಿದ್ದಳು. ಹುಡುಗಿ ಈ ತನಕ ಒಮ್ಮೆಯೂ ತಪ್ಪಿರಲಿಲ್ಲ.

"ನಮ್ಮ ಅಮ್ಮ ಸಾರ್," ಎಂದಳು ಮಗಳು. ದನಿಯಲ್ಲಿ ಭಯ ಒಂದಿಷ್ಟೂ ಇರಲಿಲ್ಲ. ಎಷ್ಟೋ ದಿನದಿಂದ ಕೂಡಿಟ್ಟಿದ್ದ ಮಾತನ್ನು ಹೇಳಲು ಅನುಮತಿ ಸಿಕ್ಕವಳ ಹಾಗಿದ್ದಳು. ಟೀಚರಿಗೆ ಆ ಗಳಿಗೆಯಲ್ಲಿ ಕೆಲಸದ ಭಯವೂ ಮರೆತುಹೋಯಿತು.

ಅಧಿಕಾರಿ ಹಿಂದಿನ ಬೆಂಚಿನಲ್ಲಿ ಕೂತು ಮುಂದುವರಿಸಿ ಎಂದರು. ಅವಳು ಮುಂದುವರಿಸಿದಳು. ಮಕ್ಕಳಿಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ಕೊನೆಯ ಬೆಂಚಿನ ತರಲೆಯೊಬ್ಬ ಕೈ ಎತ್ತಿ, "ಆಂಟಿ, ನಾಲ್ಕನೇ ಸಾಲು ಗೊತ್ತಾಗ್ಲಿಲ್ಲ," ಎಂದ. ಆಮೇಲೆ ನಲವತ್ತಾರು ಬಾಯಿಗಳಲ್ಲೂ ಆಂಟಿಯೇ ಆಂಟಿ. ಒಬ್ಬ ಮಾತ್ರ ಮರೆತು 'ಮಿ...' ಎಂದವನು ಮಧ್ಯದಲ್ಲೇ ಕೆಮ್ಮಿದ. ಆ ಕೆಮ್ಮು ನಿಲ್ಲದೆ ಅವನನ್ನು ನೀರು ಕುಡಿಯಲು ಹೊರಗೆ ಕಳಿಸಬೇಕಾಯಿತು.

ಗಂಟೆ ಹೊಡೆಯಿತು. ತಪ್ಪಿಸಿಕೊಂಡೆ ಎಂದು ಅವಳು ಉಸಿರುಬಿಟ್ಟಳು. ಅಧಿಕಾರಿ ಎದ್ದು, ಇಷ್ಟು ಚೆನ್ನಾಗಿ ಹೇಳಿಕೊಡುವ ತಾಯಿ ಇದ್ದಾರೆಂದರೆ ಬೇರೆ ತರಗತಿಗಳಲ್ಲೂ ನೋಡೋಣ ಎಂದರು. ಹೆಡ್ ಮೇಡಂ ಬೇಡವೆನ್ನಲು ಬಾಯಿ ತೆರೆದರು. ತೆರೆದ ಬಾಯಿ ನಗುವಾಗಿ ಮುಗಿಯಿತು. ಹೀಗೆ ಕೆಲಸವಿಲ್ಲದ ಆ ದಿನ ಅವಳು ಎಂಟನೇ ತರಗತಿಗೆ ಭಿನ್ನರಾಶಿ, ಹತ್ತಕ್ಕೆ ವೃತ್ತ, ಏಳಕ್ಕೆ ಶೇಕಡಾವಾರು, ಹೀಗೆ ಆರು ತರಗತಿಗಳನ್ನೂ ಮುಗಿಸಿದಳು. ದಿನನಿತ್ಯದ ಅದೇ ಕೆಲಸ. ಒಂದೇ ವ್ಯತ್ಯಾಸವೆಂದರೆ ಇವತ್ತು ಪ್ರತಿ ತರಗತಿಯ ಕೊನೆಗೆ ಒಬ್ಬರು ಚಪ್ಪಾಳೆ ತಟ್ಟುತ್ತಿದ್ದರು.

ಸಂಜೆ ಹೆಡ್ ಮೇಡಂ ಕೋಣೆಯಲ್ಲಿ ಅವಳಿಗೆ ಕುರ್ಚಿ ಹಾಕಿದರು. ಹದಿಮೂರು ವರ್ಷ ಅವಳು ಆ ಮೇಜಿನ ಮುಂದೆ ನಿಂತೇ ಮಾತಾಡಿದವಳು. ಹೊರಗಿನವರಿಗೆಂದೇ ಇಟ್ಟಿದ್ದ ಹೂವಿನ ಚಿತ್ರದ ಕಪ್ಪಿನಲ್ಲಿ ಚಹಾ ಬಂತು. ಇಂಥ ಕಪ್ಪು ಈ ಶಾಲೆಯಲ್ಲಿ ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ.

ಪೋಷಕರ ಅಭಿಪ್ರಾಯ ಬರೆದುಕೊಳ್ಳಬೇಕು ಎಂದು ಅಧಿಕಾರಿ ಪೆನ್ನು ತೆರೆದರು. "ಇಲ್ಲಿನ ಗಣಿತದ ಟೀಚರ್ ಹೇಗೆ? ಸಂಕೋಚ ಬೇಡ, ನಿಜ ಹೇಳಿ."

ಹೆಡ್ ಮೇಡಂ ಮೇಜಿನಡಿ ಅವಳ ಕಾಲು ತುಳಿದರು. ಆದರೆ ಅವಳನ್ನು ಯಾರಾದರೂ ನಿಜ ಹೇಳಿ ಎಂದು ಕೇಳಿ ಬಹಳ ವರ್ಷವಾಗಿತ್ತು. ತನ್ನ ಪರವಾಗಿ ತಾನೇ ಮಾತಾಡಿದರೆ ಅದು ಗೊಣಗಾಟ. ಇನ್ನೊಬ್ಬಳ ಪರವಾಗಿ ಮಾತಾಡಿದರೆ ಅಭಿಪ್ರಾಯ. ಅವಳು ನಿಧಾನವಾಗಿ ಹೇಳಿದಳು.

"ಒಳ್ಳೆಯವರು ಸಾರ್. ಆರು ತರಗತಿ, ಇನ್ನೂರ ನಲವತ್ತು ನೋಟ್‌ಬುಕ್ಕು. ಮನೆಗೆ ಹೊತ್ತುಕೊಂಡು ಹೋಗಿ ತಿದ್ತಾರಂತೆ. ಹದಿಮೂರು ವರ್ಷದಿಂದ ಇದ್ದಾರೆ, ಆದರೂ ನಾಳೆ ಇರ್ತಾರೋ ಇಲ್ವೋ ಅಂತ ಅವರಿಗೇ ಗೊತ್ತಿರಲ್ಲ. ಅಂಥವರ ಹತ್ರ ನನ್ನ ಮಗಳನ್ನ ಬಿಟ್ಟಿದೀನಿ. ಅವರು ಗಟ್ಟಿಯಾಗಿ ನಿಂತಿದ್ರೆ ತಾನೇ ನನ್ನ ಮಗಳು ಗಟ್ಟಿಯಾಗಿ ನಿಲ್ಲೋದು?"

ಅಧಿಕಾರಿ ಒಂದು ಮಾತೂ ಬಿಡದೆ ಬರೆದುಕೊಂಡರು. ಬರೆದು, ಬಹಳ ಗಂಭೀರವಾಗಿ ತಲೆದೂಗಿ, ಇದಕ್ಕೆ ಇವತ್ತೇ ಒಂದು ದಾರಿ ಮಾಡುತ್ತೇನೆ ಎಂದರು. ಹೋಗುವಾಗ ಬಾಗಿಲ ತನಕ ಬಂದು ಅವಳಿಗೆ ಕೈ ಮುಗಿದರು.

ಅವಳು ಮನೆಗೆ ನಡೆಯಲಿಲ್ಲ, ತೇಲಿದಳು. ದಾರಿಯುದ್ದಕ್ಕೂ ಮಗಳು ಅಮ್ಮ ಅಮ್ಮ ಎಂದು ಕರೆಯುತ್ತಲೇ ಇದ್ದಳು, ಹೇಳುವುದೇನೂ ಇಲ್ಲದಿದ್ದರೂ. ಕಾಯಂ ಆಗದಿದ್ದರೂ ಹೋಗಲಿ, ವರ್ಷಕ್ಕೊಮ್ಮೆ ಹೊಸಬಳಾಗುವುದಾದರೂ ತಪ್ಪೀತು ಎಂದು ಟೀಚರ್ ಲೆಕ್ಕ ಹಾಕುತ್ತಿದ್ದಳು. ಚರಿತ್ರೆ ಮೇಷ್ಟ್ರು ಗೇಟಿನ ತನಕ ಬಂದು, ನೀವು ಇವತ್ತು ಇತಿಹಾಸ ಬರೆದಿರಿ ಮೇಡಂ ಎಂದು ಬೀಳ್ಕೊಟ್ಟಿದ್ದರು.

ಆರೂವರೆಗೆ ಹೆಡ್ ಮೇಡಂ ಫೋನು ಬಂತು. ಅಧಿಕಾರಿಯ ವರದಿ ಆಗಲೇ ಬಂದಿತ್ತು. ಮೇಡಂ ಅದನ್ನು ಫೋನಿನಲ್ಲೇ ಓದಿ ಹೇಳಿದರು.

ಪಾಠ ಅತ್ಯುತ್ತಮ ಎಂದಿತ್ತು. ಪೋಷಕರೊಬ್ಬರು ಸ್ವಂತ ಇಚ್ಛೆಯಿಂದ, ಒಂದು ಬಿಡಿಗಾಸೂ ಪಡೆಯದೆ, ಒಂದೇ ದಿನ ಆರೂ ತರಗತಿಗಳನ್ನು ನಡೆಸಿದ್ದನ್ನು ಕಣ್ಣಾರೆ ಕಂಡೆ ಎಂದಿತ್ತು. ನಾಳೆ ಇರುವರೋ ಇಲ್ಲವೋ ತಿಳಿಯದ ತಾತ್ಕಾಲಿಕ ಶಿಕ್ಷಕಿಯನ್ನು ನೆಚ್ಚಿಕೊಳ್ಳುವುದು ಮಕ್ಕಳ ಹಿತಕ್ಕೆ ಒಳ್ಳೆಯದಲ್ಲವೆಂದು ಆ ತಾಯಿಯೇ ಮನಮುಟ್ಟುವಂತೆ ತಿಳಿಸಿದ್ದಾರೆ ಎಂದಿತ್ತು. ಆದ್ದರಿಂದ ಈ ಶಾಲೆಗೆ ತಾತ್ಕಾಲಿಕ ಗಣಿತ ಶಿಕ್ಷಕಿಯ ಹುದ್ದೆ ಅನಗತ್ಯ, ನಾಳೆಯ ಆದೇಶವನ್ನು ಹೊರಡಿಸತಕ್ಕದ್ದಲ್ಲ, ಸದರಿ ಪೋಷಕರಿಗೆ ಪ್ರಶಂಸಾ ಪತ್ರ ನೀಡತಕ್ಕದ್ದು.



"ನಾನೇನು ಮಾಡ್ಲಿ ಹೇಳಿ," ಎಂದರು ಹೆಡ್ ಮೇಡಂ. ಅವರ ದನಿ ನಿಜವಾಗಿಯೂ ಒದ್ದೆಯಾಗಿತ್ತು. "ನೀವು ಕೀ ಕೊಟ್ಟು ಹೋಗಿದ್ರೆ ಆಗ್ತಿತ್ತು. ಬೀರು ಬಾಗಿಲು ತೆಗೆಸಿದ್ದು ನನ್ನದೇ ತಪ್ಪು." ಆಮೇಲೆ ಮೂಗೆಳೆದುಕೊಂಡು ಕೇಳಿದರು: "ನಾಳೆ ಬರ್ತೀರಲ್ಲ? ಹತ್ತನೇ ಕ್ಲಾಸಿನ ಪರೀಕ್ಷೆ ಹತ್ರ ಇದೆ. ಏನಾದ್ರೂ ದಾರಿ ಸಿಗೋ ತನಕ, ಪೋಷಕರಾಗಿಯೇ. ಚಹಾ ಅಂತೂ ಕೊಡ್ತೀನಿ."

ಸಿಟ್ಟು ಬರಲೆಂದು ಅವಳು ಕಾದಳು. ಸಿಟ್ಟಿನ ಬದಲು ಅವಳಿಗೆ ಆ ದಿನವೆಲ್ಲ ಒಂದೊಂದಾಗಿ ನೆನಪಾಯಿತು. ಟೀಚರ್ ಆಗಿದ್ದಾಗ ಅವಳು ಕೊಟ್ಟ ಹನ್ನೊಂದು ಮನವಿಗಳಲ್ಲಿ ಒಂದಕ್ಕೂ ಬರವಣಿಗೆಯಲ್ಲಿ ಉತ್ತರ ಬಂದಿರಲಿಲ್ಲ. ತಾಯಿಯಾಗಿ ಆಡಿದ ನಾಲ್ಕು ಮಾತು ಎರಡು ಗಂಟೆಯೊಳಗೆ ಆದೇಶವಾಗಿತ್ತು. ಆದೇಶ ತಲೆಕೆಳಗಾಗಿತ್ತು, ನಿಜ. ಆದರೆ ಕೇಳಿಸಿಕೊಂಡಿದ್ದರು.

"ಬರ್ತೀನಿ ಮೇಡಂ. ಒಂಬತ್ತೂವರೆಗೆ," ಎಂದಳು.

ಹೆಡ್ ಮೇಡಂ ಮೂರು ಸಲ ಥ್ಯಾಂಕ್ಸ್ ಹೇಳಿದರು. ಒಳಗಿನಿಂದ ಅತ್ತೆ, ಏನಂತೆ, ಆದೇಶ ಬಂತಂತಾ ಎಂದು ಕೂಗಿ ಕೇಳಿದರು. ಬಂತು ಅತ್ತೆ ಎಂದಳು. ಒಂದು ಪತ್ರವನ್ನೂ ಕೊಡುತ್ತಾರಂತೆ ಎಂದು ಸೇರಿಸಿದಳು. ಅತ್ತೆ ಕೂತಲ್ಲೇ ಕೈಜೋಡಿಸಿ ಸಂತೋಷಪಟ್ಟರು. ಅವಳು ತಿದ್ದಲು ಹೋಗಲಿಲ್ಲ.

ಮಗಳ ಪುಸ್ತಕಗಳ ನಡುವಿನಿಂದ ಒಂದು ಬಿಳಿ ಹಾಳೆ ಎಳೆದುಕೊಂಡು ಮೇಜಿನ ಮುಂದೆ ಕೂತಳು. ಲೆಕ್ಕ ಬರೀತಿದೀಯಾ ಅಮ್ಮ ಎಂದು ಮಗಳು ಕೇಳಿದ್ದಕ್ಕೆ ಹೂಂ ಎಂದಳು. ನಾಳೆ ಒಂಬತ್ತೂವರೆಗೆ ಹೋಗುವುದು ನಿಜ, ಆದರೆ ಸೀಮೆಸುಣ್ಣ ಮುಟ್ಟಲು ಅಲ್ಲ, ಹೆಡ್ ಮೇಡಂ ಮೂಲಕ ಅಧಿಕಾರಿಗೆ ಈ ಹಾಳೆ ಕಳಿಸಲು. ಕರಿಹಲಗೆಯ ಮೇಲೆ ಬರೆಯುವ ಅದೇ ದುಂಡಗಿನ ಅಕ್ಷರದಲ್ಲಿ ಅವಳು ಬರೆದಳು: ನಾನು ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಾಯಿ. ಇಂದಿನಿಂದ ನನ್ನ ಮಗಳ ತರಗತಿಗೆ ಗಣಿತದ ಟೀಚರ್ ಇಲ್ಲ. ಯಾಕೆ ಇಲ್ಲ, ಯಾವಾಗ ಬರುತ್ತಾರೆ, ಬಂದವರು ಎಷ್ಟು ದಿನ ಇರುತ್ತಾರೆ ಎಂಬುದನ್ನು ದಯವಿಟ್ಟು ಬರವಣಿಗೆಯಲ್ಲಿ ತಿಳಿಸಿ.

ಒಮ್ಮೆ ಓದಿ ನೋಡಿದಳು. ಮೇಲಿನ ಮೂಲೆಯಲ್ಲಿ ಪುಟ್ಟದಾಗಿ 'ಒಂದು' ಎಂದು ಬರೆದಳು, ನಾಡಿದ್ದು ಕೊಡುವುದಕ್ಕೆ 'ಎರಡು' ಎಂದು ಬರೆಯಬೇಕಲ್ಲ. ಹಾಳೆಯನ್ನು ನಾಲ್ಕಾಗಿ ಮಡಿಸಿ ಯಾರಿಗೂ ಕಾಣದಂತೆ ಪರ್ಸಿಗೆ ಸೇರಿಸಿ, ಮಗಳ ಲೆಕ್ಕದ ಕಡೆ ಬಗ್ಗಿದಳು.