ಮಾವನ ಹಣಕ್ಕೆ ಮಾವನೇ ಹಾಕಿದ ಕಾವಲು

ಕಳ್ಳರಿಗೆ ಹೆದರುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ತಮಗೇ ಹೆದರಿ, ತಮ್ಮ ಹಣವನ್ನು ತಮ್ಮ ಕೈಗೇ ಸಿಗದಂತೆ ಮಾಡಿಕೊಂಡವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ!

ಉಡುಪಿ ಕಡೆಯಿಂದ ಮದರಾಸಿಗೆ ಬಂದ ಮಾವ ಪ್ಯಾರೀಸ್ ಕಾರ್ನರಿನ ಹೋಟೆಲೊಂದರ ಗಲ್ಲಾದಲ್ಲಿ ಕುಳಿತೇ ತಲೆ ನರೆಸಿಕೊಂಡವರು. ಬಂದ ನೋಟನ್ನೆಲ್ಲ ಬೆಳಕಿಗೆ ಹಿಡಿದು ನೋಡುವರು. ತಾವೇ ಚಿಲ್ಲರೆಯೆಂದು ಕೊಟ್ಟ ನೋಟು ಮರುಕ್ಷಣ ವಾಪಸು ಬಂದರೂ ಮತ್ತೆ ಬೆಳಕಿಗೆ! ಕೆಲಸ ಹುಡುಕಿಕೊಂಡು ಹೋದ ನಾನು ಆಗ ಅವರ ಮನೆಯಲ್ಲೇ ಇದ್ದೆ. ಮನೆಯಲ್ಲೂ ಅದೇ ಕಾನೂನು. ದನಿಯ ಗುರುತು ಸಿಗದೆ ಬಾಗಿಲು ತೆಗೆಯಬಾರದೆಂದು ಅತ್ತೆಗೆ ಕಟ್ಟಪ್ಪಣೆ. ಒಮ್ಮೆ ನೆಗಡಿಯಾಗಿ ಮಾವನ ಗಂಟಲು ಕಟ್ಟಿತ್ತು. ಅತ್ತೆ ಬಾಗಿಲು ತೆಗೆಯಲಿಲ್ಲ. ಸಂಜೆ ನಾನು ಬಂದಾಗ ಮಾವ ಜಗಲಿಯಲ್ಲಿ ಸೊಳ್ಳೆ ಹೊಡೆಯುತ್ತ ಕುಳಿತಿದ್ದರು. ಸಿಟ್ಟು ಬಂದಿತ್ತೆಂದುಕೊಂಡಿರಾ?

"ಭೇಷ್! ಇದ್ದರೆ ಹೀಗಿರ್ಬೇಕು ಮಾರಾಯ!" ಎಂದು ಹಿಗ್ಗಿದರು.

ಯಾರೋ ಇನ್ನೊಬ್ಬರ ವೇಷ ಹಾಕಿ ಬ್ಯಾಂಕಿನಿಂದ ಹಣ ಹೊಡೆದ ಸುದ್ದಿಯನ್ನು ಪೇಪರಿನಲ್ಲಿ ಓದಿದ ಮೇಲಂತೂ ಕೇಳಬೇಡಿ. ನನ್ನನ್ನೂ ಎಳೆದುಕೊಂಡು ಬ್ಯಾಂಕಿಗೆ ಹೋದರು. ಅಲ್ಲಿನ ಏಜೆಂಟರು, ಅಂದರೆ ಈಗಿನವರು ಹೇಳುವ ಮ್ಯಾನೇಜರು, ತಲೆಮಾರುಗಳಿಂದ ಮದರಾಸಿನಲ್ಲೇ ನೆಲೆಸಿದ ಕನ್ನಡದವರು.

"ಇನ್ನು ಮೇಲೆ ಗಂಡ ಹೆಂಡತಿ ಇಬ್ಬರೂ ರುಜು ಹಾಕಿದರೆ ಮಾತ್ರ ಹಣ. ನಾನೊಬ್ಬನೇ ಬಂದರೆ ಕೊಡ್ಲೇಬೇಡಿ," ಎಂದರು ಮಾವ.

"ನೀವೇ ಬಂದ್ರೂನಾ ಸಾರ್?"

"ಅದು ನಾನೇ ಅಂತ ಎಂತ ಗ್ಯಾರಂಟಿ? ಅಳ್ತಾನೆ, ಕಾಲು ಹಿಡೀತಾನೆ. ನಂಬಬೇಡಿ!"

ಏಜೆಂಟರು ನಗುತ್ತಲೇ ಒಪ್ಪಿ, ಅದನ್ನೇ ಒಂದು ಕಾಗದದಲ್ಲಿ ಬರೆಸಿಕೊಂಡರು. ಮರುದಿನ ಅತ್ತೆಯೂ ಹೋಗಿ ಅದಕ್ಕೆ ರುಜು ಹಾಕಿ ಬಂದರು. ಆ ವಾರವೆಲ್ಲ ಮಾವನಿಗೆ ಎಂಥ ನಿದ್ದೆ ಅಂತೀರಿ!

ವರ್ಷ ತುಂಬುವುದರೊಳಗೆ, ಒಂದು ಬೆಳಿಗ್ಗೆ ಅತ್ತೆ ಹೊಟ್ಟೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಕುಸಿದರು. ಅಡ್ಯಾರಿನ ನರ್ಸಿಂಗ್ ಹೋಮಿಗೆ ಒಯ್ದೆವು. ಕರುಳು ತಿರುಚಿಕೊಂಡಿದೆ, ಇವತ್ತೇ ಆಪರೇಷನ್ ಆಗಬೇಕು, ತಡವಾದರೆ ಏನೂ ಹೇಳಲಾಗದು ಎಂದರು ಡಾಕ್ಟರು. ಅದಕ್ಕೆ ಮೊದಲು ಹಣ ಕಟ್ಟಬೇಕು. ಹೋಟೆಲಿನ ಧಣಿಗಳು ಊರಿಗೆ ಹೋಗಿದ್ದರು. ಅವರನ್ನು ಕೇಳದೆ ಗಲ್ಲಾದ ಕಾಸು ಮುಟ್ಟುವ ಪೈಕಿಯವರಲ್ಲ ಮಾವ. ಟ್ಯಾಕ್ಸಿ ಹಿಡಿದು ಬ್ಯಾಂಕಿಗೆ ಓಡಿದೆವು. ಎರಡು ಗಂಟೆಗೆ ಬ್ಯಾಂಕು ಮುಚ್ಚುತ್ತದೆ. ದಾರಿಯುದ್ದಕ್ಕೂ ನನ್ನ ಕೈ ಎಳೆದೆಳೆದು ಗಡಿಯಾರ ನೋಡಿ ಮಾವ ನನ್ನ ಮಣಿಕಟ್ಟನ್ನೇ ಕೆಂಪಾಗಿಸಿದ್ದರು.

ಬ್ಯಾಂಕಿನಲ್ಲಿ ಮಾವ ಬರೆದುಕೊಟ್ಟ ಚೆಕ್ಕನ್ನು ಏಜೆಂಟರು ತಿರುಗಿಸಿ ನೋಡಿದರು. "ಅಮ್ಮಾವ್ರ ರುಜು ಎಲ್ಲಿ ಸಾರ್?"

"ಗಡಿಬಿಡಿಯಲ್ಲಿ ಮರೆತೇಹೋಯ್ತು! ಅವಳಿಗೇ ಆಪರೇಷನ್! ಬೇಗ ಕೊಡಿ!"

"ಅಯ್ಯೋ, ನಾನೇನು ಮಾಡ್ಲಿ ಸಾರ್? ನೀವು ಹಾಕಿದ ರೂಲ್ಸೇ ಅಲ್ವಾ?"

ಮಾವ ನಿಂತಲ್ಲೇ ಅಳತೊಡಗಿದರು. ಕೌಂಟರಿನ ಗುಮಾಸ್ತರೆಲ್ಲ ಪೆನ್ನು ಕೆಳಗಿಟ್ಟು ನೋಡಿದರು.

"ಅತ್ರೂ ನಂಬಬೇಡಿ ಅಂದಿದ್ರಿ ಸಾರ್," ಎಂದರು ಏಜೆಂಟರು ಮೆಲ್ಲಗೆ.

"ಆ ಅಳು ಬೇರೆ! ಇದು ನಿಜವಾದ ಅಳು!"

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅಷ್ಟು ಹಣ ನಮ್ಮೆದುರಿಗೇ ಇದೆ, ಅಷ್ಟೂ ನಮ್ಮದೇ, ಅತ್ತ ಅತ್ತೆ ಒದ್ದಾಡುತ್ತಿದ್ದಾರೆ! ಆಗ ಏಜೆಂಟರು ಎದ್ದರು, ಹಣ ಎಣಿಸಿ ಚರ್ಮದ ಚೀಲಕ್ಕೆ ಹಾಕಿಸಿಕೊಂಡರು, ಕೋಟು ತೊಟ್ಟರು. "ಹತ್ತಿ ಸಾರ್ ಟ್ಯಾಕ್ಸಿಗೆ. ರುಜು ಇಲ್ಲಿಗೆ ಬರದಿದ್ರೆ ನಾವೇ ಹೋಗೋಣ."

ಮಂಚದ ಮೇಲೆ ಹಲ್ಲು ಕಚ್ಚಿಕೊಂಡು ಮಲಗಿದ್ದ ಅತ್ತೆ, ಏಜೆಂಟರು ಹಿಡಿದ ಚೆಕ್ಕಿನ ಮೇಲೆ ಸೊಟ್ಟಸೊಟ್ಟಾಗಿ ರುಜು ಹಾಕಿದರು. ಆಮೇಲೆ ಗಂಡನ ಮುಖ ನೋಡಿ, "ಇವರಿಗೆ ಯಾರಾದ್ರೂ ಒಂದು ಲೋಟ ಕಾಫಿ ಕೊಡಿ," ಎಂದರು. ನರ್ಸುಗಳು ಅವರನ್ನು ತಳ್ಳಿಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿತು.

ಹೊರಟುನಿಂತ ಏಜೆಂಟರ ಕೋಟಿನ ತೋಳನ್ನು ಮಾವ ಹಿಡಿದುಕೊಂಡರು.

"ಆ ಕಾಗದ ಹರಿದುಹಾಕಿ ಸಾರ್. ಇನ್ನು ಅವಳೊಬ್ಬಳೇ ಬಂದು ಕೇಳಿದರೂ ಕೊಟ್ಟುಬಿಡಿ. ಎಷ್ಟು ಕೇಳಿದರೂ ಕೊಡಿ. ಅವಳು ಬರಲಿ ಸಾರ್, ಬಂದರೆ ಸಾಕು."

ದೀಪಾವಳಿಯ ಹೊತ್ತಿಗೆ ಅತ್ತೆ ಬ್ಯಾಂಕಿಗೆ ಹೋದರು. ಜೊತೆಗೆ ಹೋದ ಮಾವ ಒಳಗೆ ಕಾಲಿಡಲಿಲ್ಲ. ಬೀದಿಯಲ್ಲೇ ನಿಂತು, ಮೆಟ್ಟಿಲು ಹತ್ತುವ ಹೆಂಡತಿಯನ್ನು ಕಣ್ಣುತುಂಬ ನೋಡಿದರು.